ದತ್ತಾಂಶ ಮತ್ತು ಮಾಹಿತಿ: ವ್ಯತ್ಯಾಸ ಹಾಗೂ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಸರ್ಕಾರದ ವಿವಿಧ ಇಲಾಖೆಗಳಲ್ಲಿ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಪ್ರತಿನಿತ್ಯ ಎರಡು ಬಗೆಯ ವಿಷಯಗಳನ್ನು ಎದುರಿಸುತ್ತಾರೆ. ಮೊದಲನೆಯದು, ವಹಿಗಳಲ್ಲಿಯೂ ಗಣಕಯಂತ್ರಗಳಲ್ಲಿಯೂ ದಾಖಲಾಗಿರುವ ಅಂಕಿಗಳು, ಹೆಸರುಗಳು, ದಿನಾಂಕಗಳು ಮತ್ತು ಸಂಕೇತಗಳು. ಎರಡನೆಯದು, ಆ ನಮೂದುಗಳಿಂದ ದೊರೆಯುವ ಅರ್ಥ. ಮೊದಲನೆಯದನ್ನು ದತ್ತಾಂಶವೆಂದೂ ಎರಡನೆಯದನ್ನು ಮಾಹಿತಿಯೆಂದೂ ಕರೆಯಲಾಗುತ್ತದೆ. ದಿನಬಳಕೆಯಲ್ಲಿ ಈ ಎರಡೂ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಲ್ಲಿದೆ. ಆದರೆ ಜಮೀನಿನ ವಿಸ್ತೀರ್ಣ, ಬೆಳೆ ನಷ್ಟ, ಪ್ರಮಾಣ ಪತ್ರ, ಅರ್ಜಿಯ ತಿರಸ್ಕಾರ ಮುಂತಾದ ಸಂದರ್ಭಗಳಲ್ಲಿ ಈ ವ್ಯತ್ಯಾಸವನ್ನು ಅರಿಯದಿರುವುದರಿಂದ ಅರ್ಜಿದಾರರಿಗೆ ಹಣ, ಕಾಲ ಮತ್ತು ಹಕ್ಕುಗಳ ನಷ್ಟ ಉಂಟಾಗುವ ಸಂಭವವಿರುತ್ತದೆ.

ದತ್ತಾಂಶವನ್ನು ಮಾಹಿತಿಯಾಗಿ ಓದುವ ಕ್ರಮವನ್ನೂ, ಕಚೇರಿಗಳಿಂದ ಯಾವುದನ್ನು ಹೇಗೆ ಕೋರಬೇಕೆಂಬುದನ್ನೂ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಪದಗಳ ಅರ್ಥ

‘ದತ್ತ’ ಎಂದರೆ ಕೊಡಲ್ಪಟ್ಟದ್ದು. ಶಾಲೆಯ ರೇಖಾಗಣಿತ ಪಾಠಗಳಲ್ಲಿ ಪ್ರಮೇಯವನ್ನು ಸಾಧಿಸುವ ಮೊದಲು ‘ದತ್ತ’ ಎಂದು ಬರೆದು, ಕೊಟ್ಟಿರುವ ಅಂಶಗಳನ್ನು ಪಟ್ಟಿ ಮಾಡುವ ಕ್ರಮವು ಎಲ್ಲರಿಗೂ ಪರಿಚಿತವಾದುದು. ಅಲ್ಲಿ ದತ್ತವೇ ಉತ್ತರವಲ್ಲ; ಅದರಿಂದ ಹೊರಟು ಉತ್ತರವನ್ನು ತಲುಪಬೇಕಾಗುತ್ತದೆ. ಅದರಂತೆಯೇ ಕಚೇರಿಯ ವಹಿಯಲ್ಲಿರುವ ದತ್ತಾಂಶವೂ ಒಂದು ಆರಂಭವೇ ಹೊರತು ಕೊನೆಯಲ್ಲ.

ದತ್ತಾಂಶ: ಅಳತೆ, ಎಣಿಕೆ, ಪರಿಶೀಲನೆ ಅಥವಾ ಹೇಳಿಕೆಯ ಮೂಲಕ ಪಡೆದು, ನಿಗದಿತ ನಮೂನೆಯಲ್ಲಿ ದಾಖಲಿಸಲಾದ ಅಂಶ. ಉದಾ: 2.10, 973, 05-06-2010.

ಮಾಹಿತಿ: ಅದೇ ಅಂಶವನ್ನು ಅದರ ವಿಷಯ, ಮಾನ, ಕಾಲ ಮತ್ತು ಮೂಲದೊಂದಿಗೆ ಜೋಡಿಸಿದಾಗ ಓದುಗರಿಗೆ ದೊರೆಯುವ ತಿಳಿವಳಿಕೆ. ಉದಾ: ಇಂತಹ ಗ್ರಾಮದ ಇಂತಹ ಸರ್ವೆ ನಂಬರಿನ ಜಮೀನಿನ ವಿಸ್ತೀರ್ಣ 2 ಎಕರೆ 10 ಗುಂಟೆ.

ಇವೆರಡರ ನಡುವೆ ‘ಅಂಕಿಅಂಶ’ ಎಂಬ ಮತ್ತೊಂದು ಪದವೂ ಬಳಕೆಯಲ್ಲಿದೆ. ಅನೇಕ ದತ್ತಾಂಶಗಳನ್ನು ಒಟ್ಟುಗೂಡಿಸಿ ಪಡೆದ ಮೊತ್ತ, ಸರಾಸರಿ ಅಥವಾ ಶೇಕಡಾವಾರು ಪ್ರಮಾಣವನ್ನು ಅಂಕಿಅಂಶವೆನ್ನಲಾಗುತ್ತದೆ. ಅಂಕಿಅಂಶಗಳಿಗೂ ಅವುಗಳ ಆಧಾರವನ್ನು ತಿಳಿಸದ ಹೊರತು ಪೂರ್ಣ ಅರ್ಥ ಬರುವುದಿಲ್ಲ.

2. ಕಾನೂನಿನಲ್ಲಿ ಈ ಪದಗಳ ಪರಿಭಾಷೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 2ರಲ್ಲಿ ಎರಡೂ ಪದಗಳಿಗೆ ಪ್ರತ್ಯೇಕ ಪರಿಭಾಷೆ ಇದೆ. ಅದರಂತೆ ದತ್ತಾಂಶವೆಂದರೆ, ಸಂಸ್ಕರಣೆಗೆ ಒಳಪಡಿಸುವ ಉದ್ದೇಶದಿಂದ ವಿಧಿಬದ್ಧ ರೀತಿಯಲ್ಲಿ ಸಿದ್ಧಪಡಿಸಲಾದ ಮಾಹಿತಿ, ಜ್ಞಾನ, ವಾಸ್ತವಾಂಶ, ಪರಿಕಲ್ಪನೆ ಅಥವಾ ಸೂಚನೆಗಳ ನಿರೂಪಣೆ. ಮಾಹಿತಿ ಎಂಬುದು ಇದಕ್ಕಿಂತ ವಿಶಾಲವಾದುದು. ದತ್ತಾಂಶ, ಸಂದೇಶ, ಪಠ್ಯ, ಚಿತ್ರ, ಧ್ವನಿ, ತಂತ್ರಾಂಶ ಮುಂತಾದವುಗಳನ್ನು ಅದು ಒಳಗೊಳ್ಳುತ್ತದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 2(ಎಫ್) ಸಹ ಮಾಹಿತಿಯನ್ನು ವಿಶಾಲವಾದ ಅರ್ಥದಲ್ಲಿಯೇ ಪರಿಭಾಷಿಸಿದೆ. ದಾಖಲೆಗಳು, ದಸ್ತಾವೇಜುಗಳು, ಅಭಿಪ್ರಾಯಗಳು, ಸಲಹೆಗಳು, ಸುತ್ತೋಲೆಗಳು, ಆದೇಶಗಳು, ಕರಾರುಗಳು, ವರದಿಗಳು, ಮಾದರಿಗಳು ಇವುಗಳೊಂದಿಗೆ ವಿದ್ಯುನ್ಮಾನ ರೂಪದಲ್ಲಿ ಇಟ್ಟಿರುವ ದತ್ತಾಂಶ ಸಾಮಗ್ರಿಯೂ ಈ ಪರಿಭಾಷೆಯಲ್ಲಿ ಸೇರಿದೆ. ಆದುದರಿಂದ ‘ಇದು ಕೇವಲ ದತ್ತಾಂಶ, ಮಾಹಿತಿಯಲ್ಲ’ ಎಂಬ ಕಾರಣಕ್ಕಾಗಿ ಮಾತ್ರವೇ ಈ ಅಧಿನಿಯಮದಡಿ ಸಲ್ಲಿಸಿದ ಅರ್ಜಿಯನ್ನು ನಿರಾಕರಿಸಲು ಅವಕಾಶವಿರುವುದಿಲ್ಲ.

ಹೀಗೆ ಕಾನೂನಿನ ದೃಷ್ಟಿಯಲ್ಲಿ ದತ್ತಾಂಶವೂ ಮಾಹಿತಿಯೊಳಗೇ ಬರುತ್ತದೆ. ಆದರೆ ಪಡೆದ ದತ್ತಾಂಶವು ಅರ್ಜಿದಾರರಿಗೆ ಉಪಯೋಗಕ್ಕೆ ಬರಬೇಕಾದರೆ ಅದನ್ನು ಅರ್ಥವಾಗುವಂತೆ ಓದಬೇಕಾದುದು ಅವಶ್ಯ.

3. ದತ್ತಾಂಶವನ್ನು ಓದುವಾಗ ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳು

ಯಾವುದೇ ಸರ್ಕಾರಿ ದಾಖಲೆಯಲ್ಲಿನ ನಮೂದನ್ನು ಈ ಕೆಳಕಂಡ ಐದು ಪ್ರಶ್ನೆಗಳಿಗೆ ಒಳಪಡಿಸುವುದು ಸೂಕ್ತ.

(ಅ) ವಿಷಯ: ಈ ನಮೂದು ಯಾವುದನ್ನು ಕುರಿತದ್ದು? ಅದು ಯಾವ ಕಾಲಂನಲ್ಲಿದೆ, ಆ ಕಾಲಂನ ಶೀರ್ಷಿಕೆ ಏನು?

(ಆ) ಸಂಬಂಧ: ಯಾವ ವ್ಯಕ್ತಿ, ಸ್ವತ್ತು ಅಥವಾ ಸ್ಥಳಕ್ಕೆ ಸೇರಿದ್ದು? ‘ಲಕ್ಷ್ಮಮ್ಮ’ ಎಂಬ ಹೆಸರು ಒಂದೇ ಗ್ರಾಮದಲ್ಲಿ ಹಲವರಿಗಿರಬಹುದು. ಹೆಸರಿನ ಮುಂದೆ ‘ಬಿನ್’ ಅಥವಾ ‘ಕೋಂ’ ಎಂದು ತಂದೆಯ ಅಥವಾ ಗಂಡನ ಹೆಸರನ್ನು ನಮೂದಿಸುವ ಪದ್ಧತಿ ಇದೇ ಕಾರಣಕ್ಕಾಗಿ ಬಂದುದಾಗಿದೆ.

(ಇ) ಮಾನ: ಅಳತೆಯ ಮಾನ ಯಾವುದು? ಎಕರೆಯೋ, ಹೆಕ್ಟೇರೋ, ಚದರ ಅಡಿಯೋ, ಮಿಲಿಮೀಟರೋ? ಪ್ರತಿ ನೂರಕ್ಕೋ, ಪ್ರತಿ ಸಾವಿರಕ್ಕೋ?

(ಈ) ಕಾಲ: ಯಾವ ದಿನಾಂಕದಂದು ಅಥವಾ ಯಾವ ಅವಧಿಗೆ ಸಂಬಂಧಿಸಿದೆ? 05-06-2010 ಎಂಬುದನ್ನು ಭಾರತದ ಕಚೇರಿಗಳಲ್ಲಿ 2010ರ ಜೂನ್ 5 ಎಂದು ಓದಲಾಗುತ್ತದೆ. ಅಮೆರಿಕದ ಕ್ರಮದಲ್ಲಿ ಅದೇ ಅಂಕಿ ಮೇ 6 ಆಗುತ್ತದೆ. ವಿದೇಶದಲ್ಲಿ ಬಳಸುವ ದಾಖಲೆಗಳಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯುವುದು ಸುರಕ್ಷಿತ.

(ಉ) ಮೂಲ: ಯಾರು, ಯಾವ ಅಧಿಕಾರದಿಂದ, ಯಾವ ಆಧಾರದ ಮೇಲೆ ದಾಖಲಿಸಿದ್ದಾರೆ?

ಈ ಐದರಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ಆ ನಮೂದು ಇನ್ನೂ ದತ್ತಾಂಶವಾಗಿಯೇ ಉಳಿದಿದೆ ಎಂದು ತಿಳಿಯಬೇಕು. ಅದನ್ನು ಆಧರಿಸಿ ಹಣಕಾಸಿನ ಅಥವಾ ಕಾನೂನಿನ ವ್ಯವಹಾರಕ್ಕೆ ಮುಂದಾಗಬಾರದು. ಮೂರು ಉದಾಹರಣೆಗಳ ಮೂಲಕ ಇದನ್ನು ಮುಂದೆ ವಿವರಿಸಲಾಗಿದೆ.

4. ಉದಾಹರಣೆ ಒಂದು: ಪಹಣಿ

ಕರ್ನಾಟಕದಲ್ಲಿ ಕೃಷಿ ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಗಳ ವಿವರವುಳ್ಳ ದಾಖಲೆಯನ್ನು ಪಹಣಿ ಅಥವಾ ಆರ್‌ಟಿಸಿ ಎಂದು ಕರೆಯಲಾಗುತ್ತದೆ. ‘ಭೂಮಿ’ ಯೋಜನೆಯಡಿ, ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಅಂದಿನ 177 ತಾಲ್ಲೂಕುಗಳಲ್ಲಿ ಗಣಕೀಕರಿಸಲಾಯಿತು. ಇದರಿಂದ ಕೈಬರಹದ ಪಹಣಿಗಾಗಿ ಕಾಯುವ ತೊಂದರೆ ನಿವಾರಣೆಯಾಯಿತು. ಆದರೆ ಗಣಕೀಕರಣದಿಂದ ನಮೂದಿನ ರೂಪ ಬದಲಾಯಿತೇ ಹೊರತು ಅದನ್ನು ಓದುವ ಕ್ರಮ ಬದಲಾಗಲಿಲ್ಲ.

ವಿಸ್ತೀರ್ಣದ ಅಂಕಿ

ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳ ಕ್ರಮದಲ್ಲಿ, ನಡುವೆ ಚುಕ್ಕೆ ಇಟ್ಟು ಬರೆಯಲಾಗುತ್ತದೆ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 16 ಆಣೆ. ಒಂದು ಗುಂಟೆಯು 1,089 ಚದರ ಅಡಿಗೆ ಸಮ. ಇಲ್ಲಿನ ಚುಕ್ಕೆ ದಶಮಾಂಶ ಬಿಂದುವಲ್ಲ ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಪಹಣಿಯಲ್ಲಿ 2.10 ಎಂದಿದ್ದರೆ ಅದು 2 ಎಕರೆ 10 ಗುಂಟೆ, ಅಂದರೆ ಎರಡೂಕಾಲು ಎಕರೆ. ಅದನ್ನೇ ದಶಮಾಂಶವೆಂದು ಓದಿದರೆ 2 ಎಕರೆ 4 ಗುಂಟೆ ಮಾತ್ರ ಆಗುತ್ತದೆ. ಓದಿನ ಈ ಒಂದು ತಪ್ಪಿನಿಂದ 6 ಗುಂಟೆ, ಅಂದರೆ 6,534 ಚದರ ಅಡಿ ಜಮೀನು ಲೆಕ್ಕದಿಂದ ಬಿಟ್ಟುಹೋಗುತ್ತದೆ. 30 ಅಡಿಗೆ 40 ಅಡಿ ಅಳತೆಯ ಐದು ನಿವೇಶನಗಳಿಗಿಂತ ಇದು ಹೆಚ್ಚಿನದು. ಕ್ರಯ, ವಿಭಾಗ ಅಥವಾ ಸಾಲದ ಅರ್ಜಿಯಲ್ಲಿ ಇಂತಹ ತಪ್ಪು ನುಸುಳಿದಲ್ಲಿ ಅದರ ಪರಿಣಾಮ ದೀರ್ಘಕಾಲ ಉಳಿಯುತ್ತದೆ.

ಕೂಡುವಾಗಲೂ ಇದೇ ಎಚ್ಚರಿಕೆ ಅಗತ್ಯ. 1.30 ಮತ್ತು 1.30 ವಿಸ್ತೀರ್ಣದ ಎರಡು ತಾಕುಗಳನ್ನು ಗಣಕದಲ್ಲಿ ಕೂಡಿದರೆ 2.60 ಬರುತ್ತದೆ. ಸರಿಯಾದ ಮೊತ್ತ 3 ಎಕರೆ 20 ಗುಂಟೆ. ಗುಂಟೆಯ ಸ್ಥಾನದಲ್ಲಿ 39ಕ್ಕಿಂತ ಹೆಚ್ಚಿನ ಅಂಕಿ ಬರಲು ಸಾಧ್ಯವಿಲ್ಲ. ಬಂದಿದ್ದರೆ ಎಲ್ಲಿಯೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಸೌಲಭ್ಯಗಳ ಅರ್ಹತೆಯನ್ನು ಹೆಕ್ಟೇರಿನಲ್ಲಿ ನಿಗದಿಪಡಿಸಿರುವ ಸಂದರ್ಭದಲ್ಲಿ ಮಾನದ ಪರಿವರ್ತನೆ ಇನ್ನಷ್ಟು ಮುಖ್ಯವಾಗುತ್ತದೆ. ಕೃಷಿ ಗಣತಿಯ ವರ್ಗೀಕರಣದಂತೆ 1 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯನ್ನು ಅತಿ ಸಣ್ಣ ಹಿಡುವಳಿಯೆಂದೂ, 1ರಿಂದ 2 ಹೆಕ್ಟೇರುವರೆಗಿನದನ್ನು ಸಣ್ಣ ಹಿಡುವಳಿಯೆಂದೂ ಪರಿಗಣಿಸಲಾಗುತ್ತದೆ. ಒಂದು ಹೆಕ್ಟೇರು ಸುಮಾರು 2.47 ಎಕರೆಗೆ, ಅಂದರೆ 2 ಎಕರೆ 18 ಗುಂಟೆಗಿಂತ ಸ್ವಲ್ಪ ಹೆಚ್ಚಿನ ವಿಸ್ತೀರ್ಣಕ್ಕೆ ಸಮ. ಹೀಗಾಗಿ 2 ಎಕರೆ 18 ಗುಂಟೆ ಜಮೀನು ಮೊದಲ ವರ್ಗದಲ್ಲಿಯೂ, 2 ಎಕರೆ 20 ಗುಂಟೆ ಜಮೀನು ಎರಡನೆಯ ವರ್ಗದಲ್ಲಿಯೂ ಬರುತ್ತದೆ. ಆಯಾ ಯೋಜನೆಯ ಆದೇಶದಲ್ಲಿ ಬೇರೆ ಮಿತಿ ನಿಗದಿಪಡಿಸಿದ್ದಲ್ಲಿ ಆ ಮಿತಿಯೇ ಅನ್ವಯಿಸುತ್ತದೆ.

ಕಾಲಂಗಳ ಪರಸ್ಪರ ಸಂಬಂಧ

3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ‘ಅ’ ಖರಾಬು, ‘ಬ’ ಖರಾಬು ಮತ್ತು ಉಳಿದ ವಿಸ್ತೀರ್ಣವನ್ನು ಪ್ರತ್ಯೇಕವಾಗಿ ತೋರಿಸಲಾಗುತ್ತದೆ. ಸಾಗುವಳಿಗೆ ಯೋಗ್ಯವಲ್ಲದ ಭಾಗ ‘ಅ’ ಖರಾಬು. ರಸ್ತೆ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಭಾಗ ‘ಬ’ ಖರಾಬು. ಒಟ್ಟು 3 ಎಕರೆ ಜಮೀನಿನಲ್ಲಿ ‘ಅ’ ಖರಾಬು 8 ಗುಂಟೆ, ‘ಬ’ ಖರಾಬು 4 ಗುಂಟೆ ಇದ್ದಲ್ಲಿ ಉಳಿಯುವುದು 2 ಎಕರೆ 28 ಗುಂಟೆ. ಒಟ್ಟು ವಿಸ್ತೀರ್ಣದ ಅಂಕಿಯೊಂದನ್ನೇ ನೋಡಿ ಖರೀದಿಸುವವರು, ಸಾರ್ವಜನಿಕ ದಾರಿಗೂ ಬೆಲೆ ತೆತ್ತಂತಾಗುತ್ತದೆ.

9ನೇ ಕಾಲಂನಲ್ಲಿ ಖಾತೆದಾರರ ಹೆಸರು ಮತ್ತು ಅವರಿಗೆ ಸೇರಿದ ವಿಸ್ತೀರ್ಣ ಇರುತ್ತದೆ. 3ನೇ ಕಾಲಂನ ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿನ ವಿಸ್ತೀರ್ಣಗಳ ಮೊತ್ತಕ್ಕೂ ತಾಳೆಯಾಗಬೇಕು. ತಾಳೆಯಾಗದಿದ್ದಲ್ಲಿ ಪ್ರತಿಯೊಂದು ನಮೂದೂ ಬಿಡಿಯಾಗಿ ಸರಿಯಾಗಿ ಕಂಡರೂ ಒಟ್ಟಿನ ಮಾಹಿತಿ ದೋಷಪೂರಿತವಾಗಿರುತ್ತದೆ. ಅಂತಹ ಸಂದರ್ಭದಲ್ಲಿ ವ್ಯವಹಾರಕ್ಕೆ ಮುನ್ನವೇ ತಾಲ್ಲೂಕು ಕಚೇರಿಯಲ್ಲಿ ತಿದ್ದುಪಡಿಗಾಗಿ ಅರ್ಜಿ ಸಲ್ಲಿಸುವುದು ಸೂಕ್ತ.

11ನೇ ಕಾಲಂನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ದಾಖಲಾಗಿರುತ್ತವೆ. ಬ್ಯಾಂಕಿನ ಸಾಲವನ್ನು ಪೂರ್ಣವಾಗಿ ತೀರಿಸಿದ ನಂತರವೂ, ತೀರುವಳಿಯ ದಾಖಲೆಯನ್ನು ಹಾಜರುಪಡಿಸಿ ನಮೂದನ್ನು ತೆಗೆಸದಿದ್ದರೆ ಋಣದ ನಮೂದು ಹಾಗೆಯೇ ಉಳಿದಿರಬಹುದು. ದಾಖಲಿಸಿದ ದಿನ ಆ ನಮೂದು ಸರಿಯಾಗಿತ್ತು. ಇಂದಿನ ಸ್ಥಿತಿಯನ್ನು ಅದು ತಿಳಿಸುವುದಿಲ್ಲ. ದತ್ತಾಂಶಕ್ಕೆ ಕಾಲದ ಸಂಬಂಧ ಎಷ್ಟು ಮುಖ್ಯವೆಂಬುದಕ್ಕೆ ಇದು ನಿದರ್ಶನ.

ನಮೂದಿನ ಕಾನೂನು ಬಲ

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕರಣ 133ರಂತೆ ಹಕ್ಕು ದಾಖಲೆಯಲ್ಲಿನ ನಮೂದನ್ನು, ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ಸತ್ಯವೆಂದು ಭಾವಿಸಲಾಗುತ್ತದೆ. ಆದರೆ ಹಕ್ಕು ಬದಲಾವಣೆಯ ನಮೂದು ತಾನಾಗಿಯೇ ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ ಎಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಎತ್ತಿಹಿಡಿದಿರುವ ತತ್ವ. ಆದ್ದರಿಂದ ಪಹಣಿಯ ಜೊತೆಗೆ ಹಕ್ಕು ಬದಲಾವಣೆಯ ವಹಿ, ಕ್ರಯಪತ್ರ ಅಥವಾ ವಿಭಾಗಪತ್ರ, ಋಣಭಾರ ಪ್ರಮಾಣ ಪತ್ರ ಮತ್ತು ಸರ್ವೆ ನಕ್ಷೆಗಳನ್ನು ಒಟ್ಟಿಗೆ ಓದಿದಾಗ ಮಾತ್ರ ಜಮೀನಿನ ಬಗ್ಗೆ ಪೂರ್ಣ ಮಾಹಿತಿ ದೊರೆಯುತ್ತದೆ.

5. ಉದಾಹರಣೆ ಎರಡು: ಮಳೆಯ ಅಳತೆ

ರಾಜ್ಯದಲ್ಲಿ ಮಳೆಯ ವಿವರಗಳನ್ನು ಭಾರತ ಹವಾಮಾನ ಇಲಾಖೆ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸಂಗ್ರಹಿಸುತ್ತವೆ. ಮಳೆಮಾಪಕವು ನೀಡುವುದು ಒಂದು ಅಂಕಿಯನ್ನು ಮಾತ್ರ. ‘70’ ಎಂಬ ಅಂಕಿ ದತ್ತಾಂಶ. ‘24 ಗಂಟೆಗಳಲ್ಲಿ 70 ಮಿಲಿಮೀಟರ್’ ಎಂದಾಗ ಅದಕ್ಕೆ ಮಾನವೂ ಅವಧಿಯೂ ಸೇರುತ್ತವೆ. ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ವರೆಗಿನ ಮಳೆಯನ್ನು ಭಾರಿ ಮಳೆ, 115.6ರಿಂದ 204.4 ಮಿ.ಮೀ. ವರೆಗಿನದನ್ನು ಅತಿ ಭಾರಿ ಮಳೆ ಎನ್ನಲಾಗುತ್ತದೆ. ಈ ವರ್ಗೀಕರಣದೊಂದಿಗೆ ಹೋಲಿಸಿದಾಗ ಮಾತ್ರ ‘ಭಾರಿ ಮಳೆಯಾಗಿದೆ’ ಎಂಬ ಮಾಹಿತಿ ಹೊರಬರುತ್ತದೆ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಈ ಲೆಕ್ಕದಂತೆ ಒಂದು ಎಕರೆ ಹೊಲದ ಮೇಲೆ ಬೀಳುವ ನೀರು ಸುಮಾರು 4,047 ಲೀಟರ್. ಹೊಲದ ಅಳತೆಗೆ ತಂದು ನೋಡಿದಾಗ ಅದೇ ಅಂಕಿ ರೈತರಿಗೆ ಉಪಯುಕ್ತವಾಗುತ್ತದೆ.

ಮಳೆಯ ಕೊರತೆಯನ್ನು ನಿರ್ಧರಿಸುವಾಗ ವಾಡಿಕೆ ಮಳೆಯೊಂದಿಗೆ ಹೋಲಿಕೆ ಅಗತ್ಯ. ಒಂದು ಅವಧಿಯಲ್ಲಿ 78 ಮಿ.ಮೀ. ಮಳೆಯಾಗಿದೆ ಎಂದಿಟ್ಟುಕೊಳ್ಳೋಣ. ವಾಡಿಕೆ ಮಳೆ 100 ಮಿ.ಮೀ. ಇರುವ ಕಡೆ ಅದು ಶೇ. 22ರಷ್ಟು ಕಡಿಮೆಯಾಗಿ ಕೊರತೆಯ ವರ್ಗಕ್ಕೆ ಸೇರುತ್ತದೆ. ವಾಡಿಕೆ ಮಳೆ 60 ಮಿ.ಮೀ. ಇರುವ ಕಡೆ ಅದೇ 78 ಮಿ.ಮೀ. ಶೇ. 30ರಷ್ಟು ಹೆಚ್ಚಾಗಿ ಅಧಿಕ ಮಳೆಯ ವರ್ಗಕ್ಕೆ ಸೇರುತ್ತದೆ. ವಾಡಿಕೆಗಿಂತ ಶೇ. 19ರವರೆಗಿನ ಏರಿಳಿತವನ್ನು ಸಾಮಾನ್ಯವೆಂದು ಪರಿಗಣಿಸಲಾಗುತ್ತದೆ. ದತ್ತಾಂಶ ಒಂದೇ ಆದರೂ ಮಾಹಿತಿ ಎರಡು ಬಗೆಯಾಗಿರುವುದನ್ನು ಇಲ್ಲಿ ಗಮನಿಸಬಹುದು.

ದಿನಾಂಕದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಮಳೆಯ ದಿನವು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಇರುತ್ತದೆ ಮತ್ತು ಅಳತೆ ತೆಗೆದ ದಿನದ ಹೆಸರಿನಲ್ಲಿ ವರದಿಯಾಗುತ್ತದೆ. ತಿಂಗಳ 5ನೇ ತಾರೀಖಿನ ಸಂಜೆ ಸುರಿದ ಮಳೆ 6ನೇ ತಾರೀಖಿನ ವರದಿಯಲ್ಲಿ ಕಾಣಿಸುತ್ತದೆ. ಬೆಳೆ ನಷ್ಟದ ಅರ್ಜಿಯಲ್ಲಿ 5ನೇ ತಾರೀಖು ಎಂದು ಬರೆದ ರೈತರು, ಅದೇ ದಿನದ ವರದಿಯಲ್ಲಿ ಮಳೆಯಿಲ್ಲವೆಂದು ಕಂಡು ಗಾಬರಿಗೊಳ್ಳುವ ಅಗತ್ಯವಿಲ್ಲ; ಮರುದಿನದ ವರದಿಯನ್ನೂ ಪರಿಶೀಲಿಸಬೇಕು. ಅರ್ಜಿಯಲ್ಲಿ ದಿನಾಂಕದೊಂದಿಗೆ ವೇಳೆಯನ್ನೂ ನಮೂದಿಸುವುದು ಉತ್ತಮ.

6. ಉದಾಹರಣೆ ಮೂರು: ಜನಗಣತಿ

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ಲಿಂಗಾನುಪಾತ 973. ಸಾಕ್ಷರತಾ ಪ್ರಮಾಣ ಶೇ. 75.36.

ಇಲ್ಲಿ 973 ಎಂಬುದು, ಪ್ರತಿ 1,000 ಪುರುಷರಿಗೆ ಇರುವ ಮಹಿಳೆಯರ ಸಂಖ್ಯೆ. ಈ ಆಧಾರ ತಿಳಿಯದವರಿಗೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಸಾಕ್ಷರತಾ ಪ್ರಮಾಣವನ್ನು ಇಡೀ ಜನಸಂಖ್ಯೆಯ ಮೇಲೆ ಲೆಕ್ಕ ಹಾಕಿಲ್ಲ. 7 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನವರ ಸಂಖ್ಯೆಯ ಮೇಲೆ ಲೆಕ್ಕ ಹಾಕಲಾಗಿದೆ. ಇದನ್ನು ಗಮನಿಸದೆ ಒಟ್ಟು ಜನಸಂಖ್ಯೆಯ ಶೇ. 75.36 ಎಂದು ಲೆಕ್ಕ ಹಾಕಿದರೆ ಸಾಕ್ಷರರ ಸಂಖ್ಯೆ ವಾಸ್ತವಕ್ಕಿಂತ ಹೆಚ್ಚಾಗಿ ಬರುತ್ತದೆ.

ಜನಗಣತಿಯು ಮತ್ತೊಂದು ಅಂಶವನ್ನೂ ಸ್ಪಷ್ಟಪಡಿಸುತ್ತದೆ. ಮನೆಮನೆಗೆ ಬರುವ ಗಣತಿದಾರರು ದಾಖಲಿಸಿಕೊಂಡ ವೈಯಕ್ತಿಕ ವಿವರಗಳು ದತ್ತಾಂಶ. ಜನಗಣತಿ ಅಧಿನಿಯಮ, 1948ರ ಪ್ರಕರಣ 15ರಂತೆ ಅವು ಸಾರ್ವಜನಿಕರ ಪರಿಶೀಲನೆಗೆ ಲಭ್ಯವಿರುವುದಿಲ್ಲ. ಅವುಗಳನ್ನು ಒಟ್ಟುಗೂಡಿಸಿ ಪಡೆದ ಕೋಷ್ಟಕಗಳು ಎಲ್ಲರಿಗೂ ಮುಕ್ತ. ಒಂದು ಕುಟುಂಬದ ಗುಟ್ಟನ್ನು ಕಾಪಾಡುತ್ತಲೇ ಇಡೀ ನಾಡಿನ ಸ್ಥಿತಿಯನ್ನು ತಿಳಿಸಲು ಸಾಧ್ಯವಾಗಿರುವುದು, ದತ್ತಾಂಶ ಮತ್ತು ಮಾಹಿತಿ ಬೇರೆ ಬೇರೆಯಾಗಿರುವುದರಿಂದಲೇ.

7. ಮಾಹಿತಿ ಹಕ್ಕು ಅರ್ಜಿಯಲ್ಲಿ ಯಾವುದನ್ನು ಕೋರಬೇಕು

ಮಾಹಿತಿ ಹಕ್ಕು ಅಧಿನಿಯಮ, 2005 ಪೂರ್ಣವಾಗಿ ಜಾರಿಗೆ ಬಂದುದು 2005ರ ಅಕ್ಟೋಬರ್ 12ರಂದು. ಈ ಅಧಿನಿಯಮದಡಿ ದಾಖಲೆಗಳನ್ನು ಪರಿಶೀಲಿಸುವ, ಟಿಪ್ಪಣಿ ಮಾಡಿಕೊಳ್ಳುವ, ದೃಢೀಕೃತ ಪ್ರತಿ ಪಡೆಯುವ ಮತ್ತು ಗಣಕದಲ್ಲಿರುವುದನ್ನು ವಿದ್ಯುನ್ಮಾನ ರೂಪದಲ್ಲಿ ಅಥವಾ ಮುದ್ರಿತ ಪ್ರತಿಯಲ್ಲಿ ಪಡೆಯುವ ಹಕ್ಕು ನಾಗರಿಕರಿಗೆ ಇದೆ.

ಈ ಹಕ್ಕಿನ ವ್ಯಾಪ್ತಿಯನ್ನು ಸರ್ವೋಚ್ಚ ನ್ಯಾಯಾಲಯವು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ (2011) ಸ್ಪಷ್ಟಪಡಿಸಿದೆ. ಅದರ ಸಾರಾಂಶ ಹೀಗಿದೆ: ಕಚೇರಿಯಲ್ಲಿ ದತ್ತಾಂಶ, ವಿಶ್ಲೇಷಿತ ದತ್ತಾಂಶ, ಸಾರಾಂಶ ಅಥವಾ ಅಂಕಿಅಂಶಗಳ ರೂಪದಲ್ಲಿ ಯಾವುದು ಇದೆಯೋ ಅದನ್ನು, ವಿನಾಯಿತಿಗಳಿಗೆ ಒಳಪಟ್ಟು, ಅರ್ಜಿದಾರರು ಪಡೆಯಬಹುದು. ಆದರೆ ದಾಖಲೆಯ ಭಾಗವಾಗಿಲ್ಲದ, ಯಾವುದೇ ಕಾನೂನಿನಡಿ ಇಟ್ಟುಕೊಳ್ಳಬೇಕಿಲ್ಲದ ಮಾಹಿತಿಯನ್ನು ಅರ್ಜಿದಾರರಿಗಾಗಿ ಹೊಸದಾಗಿ ಸಂಗ್ರಹಿಸಿ, ಕ್ರೋಡೀಕರಿಸಿ ಕೊಡುವ ಬಾಧ್ಯತೆ ಕಚೇರಿಗೆ ಇರುವುದಿಲ್ಲ. ಸಲಹೆ ಅಥವಾ ಅಭಿಪ್ರಾಯವನ್ನು ಹೊಸದಾಗಿ ರೂಪಿಸಿ ನೀಡುವ ಬಾಧ್ಯತೆಯೂ ಇರುವುದಿಲ್ಲ.

ಇದರ ಅರ್ಥವಿಷ್ಟೇ: ಕಚೇರಿಯಲ್ಲಿರುವುದನ್ನು ಕೊಡುವುದು ಕಚೇರಿಯ ಕರ್ತವ್ಯ. ಅದರಿಂದ ಹೊಸ ಲೆಕ್ಕ ತೆಗೆಯುವುದು, ತೀರ್ಮಾನಕ್ಕೆ ಬರುವುದು ಅರ್ಜಿದಾರರ ಕೆಲಸ. ಆದುದರಿಂದ ಪ್ರಶ್ನೆಯ ರೂಪದಲ್ಲಿ ಕೇಳುವುದಕ್ಕಿಂತ ದಾಖಲೆಯ ಹೆಸರು ಹಿಡಿದು ಕೋರುವುದು ಹೆಚ್ಚು ಫಲಕಾರಿ. ಉದಾಹರಣೆಗೆ:

‘ನನ್ನ ಅರ್ಜಿಯನ್ನು ತಿರಸ್ಕರಿಸಿದ್ದು ನ್ಯಾಯವೇ?’ ಎಂಬುದರ ಬದಲು, ‘ಇಂತಹ ದಿನಾಂಕದ, ಇಂತಹ ಸಂಖ್ಯೆಯ ನನ್ನ ಅರ್ಜಿಗೆ ಸಂಬಂಧಿಸಿದ ಕಡತದ ಟಿಪ್ಪಣಿಗಳು, ಸ್ಥಳ ಪರಿಶೀಲನಾ ವರದಿ ಮತ್ತು ಅಂತಿಮ ಆದೇಶದ ದೃಢೀಕೃತ ಪ್ರತಿಗಳನ್ನು ಒದಗಿಸುವುದು’ ಎಂದು ಬರೆಯಬೇಕು.

‘ಶೇಕಡಾ ಎಷ್ಟು ಪಿಂಚಣಿ ಅರ್ಜಿಗಳು ತಿರಸ್ಕೃತವಾಗಿವೆ?’ ಎಂಬುದರ ಬದಲು, ‘ಇಂತಹ ತಿಂಗಳಿನಿಂದ ಇಂತಹ ತಿಂಗಳವರೆಗಿನ ಪಿಂಚಣಿ ಅರ್ಜಿಗಳ ಸ್ವೀಕೃತಿ, ಮಂಜೂರಾತಿ ಮತ್ತು ತಿರಸ್ಕಾರದ ಮಾಸಿಕ ವರದಿಗಳ ಪ್ರತಿ’ ಎಂದು ಕೋರಬೇಕು. ಶೇಕಡಾವಾರು ಲೆಕ್ಕ ಕಚೇರಿಯಲ್ಲಿ ಈಗಾಗಲೇ ಇದ್ದಲ್ಲಿ ಅದೂ ವರದಿಯಲ್ಲಿಯೇ ದೊರೆಯುತ್ತದೆ. ಇಲ್ಲದಿದ್ದಲ್ಲಿ ಅಂಕಿಗಳಿಂದ ಅರ್ಜಿದಾರರೇ ಲೆಕ್ಕ ಹಾಕಿಕೊಳ್ಳಬಹುದು.

ಸಂಕೇತಗಳಿರುವ ಪಟ್ಟಿಯನ್ನು ಕೋರುವಾಗ ಸಂಕೇತಗಳ ವಿವರಣೆಯನ್ನೂ, ಕಾಲಂಗಳ ಶೀರ್ಷಿಕೆಗಳನ್ನೂ ಜೊತೆಯಲ್ಲಿಯೇ ಕೋರಬೇಕು. ಅವಿಲ್ಲದೆ ದೊರೆತ ನೂರು ಪುಟಗಳ ಮುದ್ರಿತ ಪ್ರತಿಯೂ ನಿರುಪಯುಕ್ತವಾಗಬಹುದು.

ಅರ್ಜಿ ಶುಲ್ಕ ಕರ್ನಾಟಕದಲ್ಲಿ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮಗಳಂತೆ ಒಂದು ಅರ್ಜಿ ಒಂದು ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಮಾಹಿತಿ ಕೋರುವುದಕ್ಕೆ ಕಾರಣ ನೀಡಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಲ್ಲಿ 48 ಗಂಟೆಗಳೊಳಗೆ ನೀಡತಕ್ಕದ್ದು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಪ್ರಥಮ ಮೇಲ್ಮನವಿಯನ್ನೂ, ತದನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನೂ ಸಲ್ಲಿಸಬಹುದು. ಇತರರ ವೈಯಕ್ತಿಕ ಮಾಹಿತಿಗೆ ಪ್ರಕರಣ 8(1)(ಜೆ) ಅಡಿ ವಿನಾಯಿತಿ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಮೂಲಕ ಈ ಪ್ರಕರಣವನ್ನು ತಿದ್ದುಪಡಿ ಮಾಡಲಾಗಿದೆ.

ಆಡಳಿತಾತ್ಮಕ ತೀರ್ಮಾನಗಳಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ತಿಳಿಸುವುದು ಪ್ರಕರಣ 4(1)(ಡಿ) ಅಡಿ ಕಚೇರಿಯ ಕರ್ತವ್ಯವೂ ಆಗಿದೆ. ‘ತಿರಸ್ಕರಿಸಲಾಗಿದೆ’ ಎಂಬ ಒಂದೇ ಪದ ದತ್ತಾಂಶ. ಯಾವ ನಿಯಮದಡಿ, ಯಾವ ದಾಖಲೆಯ ಕೊರತೆಯಿಂದ ಎಂಬುದು ಮಾಹಿತಿ. ಎರಡನೆಯದು ದೊರೆತಾಗಲೇ ಅರ್ಜಿದಾರರು ಕೊರತೆಯನ್ನು ಸರಿಪಡಿಸಿಕೊಳ್ಳಲು ಅಥವಾ ಮೇಲ್ಮನವಿ ಸಲ್ಲಿಸಲು ಸಾಧ್ಯ.

8. ಸೇವಾ ಅರ್ಜಿ ಸಲ್ಲಿಸುವವರಿಗೆ ಸೂಚನೆಗಳು

(1) ಸಕಾಲ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿ ಸ್ವೀಕರಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ಸಂಖ್ಯೆಯನ್ನು ಮಾತ್ರ ಬರೆದಿಟ್ಟುಕೊಳ್ಳದೆ, ಸೇವೆಯ ಹೆಸರು, ಕಚೇರಿ, ಸ್ವೀಕೃತಿಯ ದಿನಾಂಕ ಮತ್ತು ವಿಲೇವಾರಿಯ ಕೊನೆಯ ದಿನಾಂಕ ಇರುವ ಸ್ವೀಕೃತಿ ಪತ್ರವನ್ನೇ ಕಾಪಾಡಿಕೊಳ್ಳುವುದು.

(2) ಹೆಸರು, ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕಗಳು ಆಧಾರ್, ಪಡಿತರ ಚೀಟಿ, ಶಾಲಾ ದಾಖಲೆ ಮತ್ತು ಪಹಣಿಯಲ್ಲಿ ಒಂದೇ ರೀತಿ ಇವೆಯೇ ಎಂಬುದನ್ನು ಅರ್ಜಿಗೆ ಮೊದಲೇ ತಾಳೆ ನೋಡುವುದು. ಮನುಷ್ಯರ ಕಣ್ಣಿಗೆ ಒಬ್ಬರೇ ಎಂದು ಕಾಣುವ ಎರಡು ಹೆಸರುಗಳು, ಒಂದು ಅಕ್ಷರದ ವ್ಯತ್ಯಾಸವಿದ್ದರೂ ಗಣಕಕ್ಕೆ ಇಬ್ಬರು ವ್ಯಕ್ತಿಗಳಾಗಬಹುದು.

(3) ಅರ್ಜಿಯಲ್ಲಿ ವಿಸ್ತೀರ್ಣವನ್ನು ಅಂಕಿಯೊಂದಿಗೆ ಅಕ್ಷರದಲ್ಲಿಯೂ, ಮಾನದ ಸಹಿತವಾಗಿಯೂ ಬರೆಯುವುದು: 2-10 (ಎರಡು ಎಕರೆ ಹತ್ತು ಗುಂಟೆ).

(4) ಪಡೆದ ಪ್ರಮಾಣ ಪತ್ರವನ್ನು ಕಚೇರಿಯಿಂದ ಹೊರಡುವ ಮುನ್ನವೇ ಓದಿ, ತಪ್ಪಿದ್ದಲ್ಲಿ ಕೂಡಲೇ ತಿಳಿಸುವುದು. ಒಂದು ದಾಖಲೆಯ ತಪ್ಪು ಅದನ್ನು ಆಧರಿಸಿದ ಇತರ ದಾಖಲೆಗಳಿಗೂ ಹರಡುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಣಕೀಕೃತ ದಾಖಲೆಯಲ್ಲಿ ತಪ್ಪು ಇರಲು ಸಾಧ್ಯವೇ?
ಉತ್ತರ: ಸಾಧ್ಯವಿದೆ. ಗಣಕವು ತನಗೆ ಊಡಿಸಿದ ನಮೂದನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಕೈಬರಹದ ವಹಿಯಲ್ಲಿದ್ದ ತಪ್ಪು ಗಣಕದಲ್ಲಿಯೂ ಮುಂದುವರಿಯಬಹುದು. ಅಂತಹ ಸಂದರ್ಭದಲ್ಲಿ ಮೂಲ ವಹಿಯ ಪ್ರತಿಯನ್ನು ಪಡೆದು, ಅದರೊಂದಿಗೆ ತಿದ್ದುಪಡಿಗೆ ಅರ್ಜಿ ಸಲ್ಲಿಸುವುದು.

ಪ್ರಶ್ನೆ: ಅಂತರ್ಜಾಲದಲ್ಲಿ ಕಾಣುವ ಪಹಣಿಯ ವಿವರ ಸಾಕಾಗುವುದೇ?
ಉತ್ತರ: ತಿಳಿವಳಿಕೆಗೆ ಸಾಕು. ಕಚೇರಿ, ಬ್ಯಾಂಕು ಅಥವಾ ನ್ಯಾಯಾಲಯದಲ್ಲಿ ಹಾಜರುಪಡಿಸಲು ಸಕ್ಷಮ ಅಧಿಕಾರಿಯ ಸಹಿ ಅಥವಾ ಡಿಜಿಟಲ್ ಸಹಿಯುಳ್ಳ ಪ್ರತಿಯನ್ನು ಪಡೆಯುವುದು ಅವಶ್ಯ. ನಮೂದಿನ ಮೂಲವನ್ನು ದೃಢಪಡಿಸುವುದೇ ಸಹಿಯ ಉದ್ದೇಶ.

ಪ್ರಶ್ನೆ: ಕೋರಿದ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮದ ಪ್ರಕರಣ 6(3)ರಂತೆ ಅರ್ಜಿಯನ್ನು 5 ದಿನಗಳೊಳಗೆ ಸಂಬಂಧಪಟ್ಟ ಸಾರ್ವಜನಿಕ ಪ್ರಾಧಿಕಾರಕ್ಕೆ ವರ್ಗಾಯಿಸಿ, ಅರ್ಜಿದಾರರಿಗೆ ತಿಳಿಸತಕ್ಕದ್ದು.

ಪ್ರಶ್ನೆ: ನಮೂದಿನ ಅರ್ಥ ತಿಳಿಯದಿದ್ದಲ್ಲಿ ಕಚೇರಿಯ ಸಿಬ್ಬಂದಿಯನ್ನು ಕೇಳಬಹುದೇ?
ಉತ್ತರ: ಅವಶ್ಯವಾಗಿ ಕೇಳಬಹುದು. ಅದಕ್ಕೆ ಮಾಹಿತಿ ಹಕ್ಕು ಅರ್ಜಿಯ ಅಗತ್ಯವಿಲ್ಲ. ಮೇಲೆ ತಿಳಿಸಿದ ಐದು ಪ್ರಶ್ನೆಗಳನ್ನು ಬರೆದುಕೊಂಡು ಹೋದಲ್ಲಿ ವಿವರಣೆ ಪಡೆಯಲು ಅನುಕೂಲವಾಗುತ್ತದೆ.

ಕಚೇರಿಯ ದಾಖಲೆಯಲ್ಲಿರುವ ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಹೊಲ, ಒಂದು ಮನೆ ಅಥವಾ ಒಬ್ಬ ವ್ಯಕ್ತಿಯ ಹಕ್ಕು ಇರುತ್ತದೆ. ಆದುದರಿಂದ ಸಾರ್ವಜನಿಕರು ತಮಗೆ ಸಂಬಂಧಿಸಿದ ನಮೂದುಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ, ಅರ್ಥ ಮಾಡಿಕೊಂಡು, ಲೋಪಗಳಿದ್ದಲ್ಲಿ ವಿಳಂಬವಿಲ್ಲದೆ ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವಂತೆ ಕೋರಲಾಗಿದೆ.

ಸೂಚನೆ: ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಸಂಬಂಧಪಟ್ಟ ಅಧಿನಿಯಮ, ನಿಯಮಗಳು ಮತ್ತು ಸರ್ಕಾರಿ ಆದೇಶಗಳೇ ಅಂತಿಮ.